ಮೂರು ಗೆರೆ ಕಂಡರೆ ಬಿಯರ್ ತಿಳಿ

ಗಿರಿಜಾ ಆಂಟಿ ಬಿಯರ್ ಗ್ಲಾಸನ್ನು ತುಟಿಗೆ ತಂದದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಹಣೆಗೆ ತಂದದ್ದನ್ನೇ ನೋಡಿದ್ದು. ಆ ಹಣೆಯ ಮೇಲೆ ಬೆಳಗಾಗೆದ್ದು ಎಳೆದ ಮೂರು ಗೆರೆ ವಿಭೂತಿ. ಅದರ ಮುಂದೆ ತುಂಬಿದ ಗ್ಲಾಸು ಹಿಡಿದು, ಎದುರಿಗೆ ಸಿಕ್ಕವರನ್ನು ಕೇಳೋರು: “ಹೇಳ್ರಿ, ಎಷ್ಟ ಗೆರಿ ಕಾಣ್ತಾವ?”

ಮೂರೂ ಬಿಡಿಬಿಡಿಯಾಗಿ ಕಂಡರೆ ಬಿಯರ್ ತಿಳಿಯಾಗಿದೆ, ಬಡಿಸಬಹುದು. ಮೂರೂ ಕಲೆಸಿಕೊಂಡು ಒಂದೇ ಬಿಳಿ ಪಟ್ಟಿ ಕಂಡರೆ ಇನ್ನೂ ರಾಡಿ, ವಾಪಸ್ ಫ್ರಿಜ್ಜಿಗೆ. ಜುರಾಂಗ್ ಈಸ್ಟ್‌ನ ಆಫೀಸೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಟೀಮಿಗೆ ಲೀಡ್ ಆಗಿದ್ದ ಹೆಂಗಸು ನೋಡಿ, ಟೆಸ್ಟ್ ಆಗದೆ ಏನೂ ಅಡುಗೆಮನೆ ದಾಟುವಂತಿರಲಿಲ್ಲ.

ಈ ಪರದೇಶದ ಚೋವಾ ಚು ಕಾಂಗ್‌ನಲ್ಲಿ ನಮ್ಮದು ಎದುರುಬದುರು ಮನೆ. ನಾನು ಮೈಸೂರಿನವಳು, ಅವರು ಬಾಗಲಕೋಟೆ ಕಡೆಯವರು. ನಾಲ್ಕು ಜನರ ಮುಂದೆ ಅಚ್ಚುಕಟ್ಟಾಗಿ ಬೆಂಗಳೂರು ಕನ್ನಡ ಮಾತಾಡುತ್ತಿದ್ದ ಆಂಟಿಗೆ ಬಿಯರ್ ಹುಳಿಬರಿಸುವ ಡಬ್ಬ ಕೈಗೆ ಬಂದರೆ ಸಾಕು, ಊರಿನ ಮಾತು ದಬದಬ ಬೀಳೋದು. ಗಂಡ ಚಂದ್ರು ಅಂಕಲ್‌ಗೆ ಭಾನುವಾರ ಒಂದು ಬಿಯರ್ ಬೇಕು. ಹೊರಗೆ ಹೋದರೆ ಸಂಜೆತನಕ ಪತ್ತೆ ಇರೋಲ್ಲ ಅಂತ ಆಂಟಿ ಮನೆಯಲ್ಲೇ ಮಾಡೋಕೆ ಶುರುಮಾಡಿದರು. “ದ್ವಾಸಿ ಹಿಟ್ಟು ಹುಳಿ ಬರಸ್ತೀನಿ, ಮೊಸರಿಗೆ ಹೆಪ್ಪ ಹಾಕ್ತೀನಿ. ಇದೇನ ಮಹಾ?” ಅನ್ನೋರು. ರುಚಿ ನೋಡುವುದು ಅಂಕಲ್ ಕೆಲಸ. ಪಾಪ, ಆ ಕೆಲಸಕ್ಕೆ ಅವರು ಒಂದು ದಿನವೂ ರಜ ಹಾಕಲಿಲ್ಲ.

ಅಷ್ಟರಲ್ಲಿ ಮಗಳು ಪೂಜಾ, “ಅಮ್ಮಾ, ನಾನು ವೇ ಮಿಂಗ್‌ನ ಮದುವೆ ಆಗ್ತೀನಿ” ಅಂದಳು. ಹುಡುಗನ ಮೇಲೆ ಆಂಟಿಗೆ ಯಾವ ತಕರಾರೂ ಇರಲಿಲ್ಲ. ಇನ್ನೂ ಅನುಮಾನವಿದ್ದದ್ದು ಹುಡುಗನ ಅಪ್ಪ ಟ್ಯಾನ್ ಅಂಕಲ್‌ಗೆ. ಅವರು ಹೂಂ ಅಂದಿರಲಿಲ್ಲ, ಉಹೂಂ ಅಂದಿರಲಿಲ್ಲ, ಭಾನುವಾರ ಊಟಕ್ಕೆ ಬರುತ್ತೇನೆ ಅಂದಿದ್ದರು. ಸಾಲದ್ದಕ್ಕೆ ಅವರದ್ದು ಸಾಲು ತಿಂಡಿ ಅಂಗಡಿಗಳ ಹಾಕರ್ ಸೆಂಟರ್‌ನಲ್ಲಿ ಬಿಯರ್ ಅಂಗಡಿ! ಆಂಟಿಯ ಡಬ್ಬದಲ್ಲಿ ನೋಡಿದರೆ ಆ ಸಲದ ಬಿಯರ್ ಅಕ್ಕಿ ತೊಳೆದ ನೀರಿನ ಹಾಗಿತ್ತು.

“ಬೀಗರ ಮುಂದ ರಾಡಿ ನೀರ ಇಡ್ಲೇನ? ಇವರ ಮನಿ ಹೆಣ್ಣೂ ಹಿಂಗ ಇರ್ತೈತಿ ಅಂತಾರವ್ವಾ” ಅಂತ ಆಂಟಿ ಕೂತುಬಿಟ್ಟರು. ನನಗೆ ತಡೆಯಲಾಗಲಿಲ್ಲ. ಆನ್‌ಲೈನ್ ಹುಡುಕಿ, ಬಿಯರ್ ತಿಳಿಯಾಗಿಸುವ ಪುಡಿ ಅಂತ ಜೆಲಟಿನ್ ತಂದುಕೊಟ್ಟೆ. ಆಂಟಿ ಕನ್ನಡಕ ಏರಿಸಿ ಪ್ಯಾಕೆಟ್ಟಿನ ಹಿಂದೆ ಓದಿದರು.

“ಇದರಾಗ ದನದ ಎಲುಬು ಐತಲ್ಲಽ ಯವ್ವಾ!”

“ಬೇಡದಿದ್ದರೆ ಮೀನಿನದ್ದೂ ಸಿಗುತ್ತಂತೆ ಆಂಟಿ.”

ಆಂಟಿ ಚಪಾತಿ ಮಗುಚುವ ಸಟ್ಟುಗ ಎತ್ತಿದರು. “ನಮ್ಮನ್ಯಾಗ ಬಿಯರ್ ನಡೀತೈತಿ, ಮೀನ ನಡಿಯಂಗಿಲ್ಲ. ಬಿಯರಿಗೆ ಚಳಿ ಕೊಡೂಣು. ಅಳ್ಳಾಡಿಸಬ್ಯಾಡ, ತಳಕ್ಕ ಕುಂದರ್ಲಿ.”

ಚಳಿ ಕೊಡಬೇಕು ಅಂದರೆ ಡಬ್ಬ ಇಡೋಕೆ ಇಡೀ ಫ್ರಿಜ್ ಖಾಲಿಯಾಗಬೇಕು. ಮೊಸರು, ಶೇಂಗಾ ಹಿಂಡಿ, ಕೆಂಪು ಖಾರ, ದೋಸೆ ಹಿಟ್ಟು ಎಲ್ಲವೂ ನಮ್ಮ ಮನೆಗೆ ಶಿಫ್ಟ್ ಆದವು. ನನ್ನ ಗಂಡನ ಐಸ್‌ಕ್ರೀಮ್ ಬೀದಿಪಾಲಾಯಿತು. ಆ ವಾರವಿಡೀ ಅವರ ಮನೆಯಲ್ಲಿ ಫ್ರಿಜ್ ಬಾಗಿಲು ತೆಗೆಯುವಂತಿಲ್ಲ, ಹತ್ತಿರ ಜೋರಾಗಿ ನಡೆಯುವಂತಿಲ್ಲ. “ಮೆಲ್ಲಗ ಹೋಗ್ರಿ, ಗಸಿ ಏಳ್ತೈತಿ!” ಅಂತ ಕೂಗು. ಚಂದ್ರು ಅಂಕಲ್ ತುದಿಗಾಲಲ್ಲಿ ಬಂದು ನಮ್ಮ ಮನೆಯಲ್ಲಿ ಮೊಸರನ್ನ ತಿಂದು, ತುದಿಗಾಲಲ್ಲೇ ವಾಪಸ್ ಹೋಗೋರು. ನಕ್ಕೂ ನಕ್ಕೂ ನನಗೆ ಹೊಟ್ಟೆನೋವು.

ಭಾನುವಾರ ಬಂತು, ಬೀಗರೂ ಬಂದರು. ಟ್ಯಾನ್ ಅಂಕಲ್ ಗಂಭೀರವಾಗಿ ಸೋಫಾದಲ್ಲಿ ಕೂತರು. ಆಂಟಿ ಒಲೆಯ ಮುಂದೆ ನಿಂತು ರೊಟ್ಟಿ ಬಡಿದು ಬೇಯಿಸಿ, ಸೆರಗಲ್ಲಿ ಮುಖ ಒರೆಸಿಕೊಂಡು, ಉಸಿರು ಬಿಗಿಹಿಡಿದು ಗಸಿ ಏಳದ ಹಾಗೆ ಒಂದು ಗ್ಲಾಸು ಬಗ್ಗಿಸಿ ತಂದರು. ಅಭ್ಯಾಸಬಲ, ಸೀದಾ ಹಣೆಯ ಮುಂದೆ ಹಿಡಿದು ಬೀಗರನ್ನೇ ಕೇಳಿಬಿಟ್ಟರು: “ಹೌ ಮೆನಿ ಲೈನ್ಸ್?”

ಟ್ಯಾನ್ ಅಂಕಲ್ ಬಗ್ಗಿ ನೋಡಿದರು. ಕಣ್ಣು ಕಿರಿದು ಮಾಡಿ ಮತ್ತೆ ನೋಡಿದರು. “ಒನ್ ಓನ್ಲಿ, ಲಾ” ಅಂದರು, ಇಲ್ಲಿಯವರ ಇಂಗ್ಲಿಷಿನಲ್ಲಿ.

ಆಂಟಿಯ ಮುಖ ಇಳಿದುಹೋಯಿತು. ಪೂಜಾ ಉಗುರು ಕಚ್ಚುತ್ತಾ ನಿಂತಳು. ನಾನು ಗ್ಲಾಸು ನೋಡಿದೆ, ಚಿನ್ನದ ಬಣ್ಣದ ತಿಳಿ ಬಿಯರ್! ಆಮೇಲೆ ಗ್ಲಾಸಿನ ಮೇಲಿಂದ ಹಣೆ ನೋಡಿದೆ. ಒಲೆಯ ಶಾಖ, ಬೆವರು, ಸೆರಗು ಸೇರಿ ಮೂರೂ ಗೆರೆ ಕಲೆಸಿಹೋಗಿ ಒಂದೇ ಪಟ್ಟಿಯಾಗಿದ್ದವು.

“ಆಂಟೀ, ಬಿಯರ್ ಅಲ್ಲ, ನಿಮ್ಮ ಹಣೆ ರಾಡಿ!” ಅಂತ ಕಿರುಚಿ, ಬೀಗರ ಮುಂದೆ ಮಾನ ಮರ್ಯಾದೆ ಬಿಟ್ಟು ನಗುತ್ತಾ ನೆಲದ ಮೇಲೆ ಕೂತುಬಿಟ್ಟೆ.

ಪೂಜಾ ಓಡಿಹೋಗಿ ವಿಭೂತಿ ತಂದಳು, ವೇ ಮಿಂಗ್ ಅಪ್ಪನಿಗೆ ವಿಷಯ ಬಿಡಿಸಿ ಹೇಳಿದ. ಟ್ಯಾನ್ ಅಂಕಲ್ ಸೋಫಾದಿಂದ ಎದ್ದರು. ಆಮೇಲೆ ಕೂದಲು ಹಿಂದಕ್ಕೆ ಸರಿಸಿ ತಮ್ಮ ತಲೆಯನ್ನೇ ಆಂಟಿಯ ಮುಂದೆ ಬಗ್ಗಿಸಿದರು. ಆಂಟಿ ಅಳುಕುತ್ತಲೇ ಮೂರು ಬೆರಳಲ್ಲಿ ಗೆರೆ ಎಳೆದರು. ಟ್ಯಾನ್ ಅಂಕಲ್ ಗ್ಲಾಸನ್ನು ತಮ್ಮ ಹಣೆಯ ಮುಂದೆ ಹಿಡಿದು, “ನೌ ಯೂ ಕೌಂಟ್” ಅಂದರು.

“ಒಂದ, ಎರಡ... ಮೂರ!” ಕೊನೆಯದನ್ನು ಆಂಟಿ ಕೂಗಿಯೇ ಹೇಳಿದರು. ಟ್ಯಾನ್ ಅಂಕಲ್ ಒಂದೇ ಗುಟುಕಿಗೆ ಗ್ಲಾಸು ಖಾಲಿ ಮಾಡಿ, ಬಾಯಿ ಒರೆಸಿಕೊಂಡು ಕೇಳಿದರು, “ಸೋ, ವೆಡ್ಡಿಂಗ್ ವೆನ್?”

ಮದುವೆ ಆಯಿತು. ಅಲ್ಲಿ ಬಿಯರ್ ಬಡಿಸಿದವರು ಟ್ಯಾನ್ ಅಂಕಲ್ಲೇ, ವಿಭೂತಿ ಹಚ್ಚಿಕೊಂಡು.

ಹೋದ ವರ್ಷ ಚಂದ್ರು ಅಂಕಲ್‌ಗೆ ಪರ್ತ್‌ಗೆ ಟ್ರಾನ್ಸ್‌ಫರ್ ಆಯಿತು. ಚಾಂಗಿ ವಿಮಾನ ನಿಲ್ದಾಣಕ್ಕೆ ಬೀಳ್ಕೊಡಲು ಹೋದಾಗ ಅಳಬಾರದು ಅಂತ ನಾನು ಏನೇನೋ ಒದರುತ್ತಿದ್ದೆ. ಆಂಟಿ ನನ್ನ ಕೈಯಲ್ಲಿದ್ದ ನೀರಿನ ಬಾಟಲಿ ಕಸಿದುಕೊಂಡು ಹಣೆಯ ಮುಂದೆ ಹಿಡಿದರು.

“ಹೇಳು, ಎಷ್ಟ ಕಾಣ್ತಾವ?”

“ಒಂದೇ ಪಟ್ಟಿ, ಆಂಟಿ.”

ಆಂಟಿ ಬಾಟಲಿ ಇಳಿಸಿದರು. ನೀರು ತಿಳಿಯಾಗಿತ್ತು, ಹಣೆಯ ಮೇಲೆ ಮೂರೂ ಗೆರೆ ನೆಟ್ಟಗಿದ್ದವು. ಸೆರಗಿನ ತುದಿಯಿಂದ ನನ್ನ ಎರಡೂ ಕಣ್ಣು ಒರೆಸಿ, ಕೆನ್ನೆ ತಟ್ಟಿ ಹೇಳಿದರು:

“ಇರ್ಲಿ ಬಿಡವ್ವಾ. ಅಳ್ಳಾಡಿಸಬ್ಯಾಡ, ತಳಕ್ಕ ಕುಂದರ್ಲಿ.”