ಗಿರಿಜಕ್ಕನ ಗಡಿಬಾವಿ

ಬಸಳೆಯ ದಂಟು ತುಂಡು ಮಾಡುತ್ತಿದ್ದೆ. ಪಕ್ಕದ ಮನೆಯ ಶೋಭಾ ಅಂಗಳದಲ್ಲೇ ನಿಂತು, “ಚಂದ್ರಕ್ಕಾ, ಅಮ್ಮ ಹೋದರು” ಎಂದಳು. ಬೆಳಿಗ್ಗೆ ಚಹಾ ಕುಡಿದು ಒರಗಿದವರು ಮತ್ತೆ ಏಳಲಿಲ್ಲವಂತೆ. ಹಾಸಿಗೆ ಹಿಡಿದು ನರಳಲಿಲ್ಲ, ಅಷ್ಟು ದೇವರ ದಯೆ. ಕತ್ತಿ ಬದಿಗಿಟ್ಟು ಎದ್ದೆ.

ಶೋಭಾಳ ಅಮ್ಮ ಎಂದರೆ ಗಿರಿಜಕ್ಕ. ನಮ್ಮ ಪುಟ್ಟ ಪೇಟೆ ಕಾಪು, ಕಾರ್ಕಳ ಎರಡು ತಾಲೂಕಿನ ಗಡಿಯಲ್ಲಿ ಉಂಟು. ಅವರ ಮನೆ ಕಾರ್ಕಳದ ಬದಿಗೆ. ಬಾವಿಯ ಆಚೆ, ಕಾಪುವಿನ ಬದಿಗೆ, ಅವರ ತಮ್ಮ ಸಂಜೀವಣ್ಣನ ಮನೆ. ಗಡಿ ಹೋಗುವುದು ಬಾವಿಯ ನಟ್ಟನಡುವೆ. ಯಾಕೆ ಹಾಗೆ ಎಂದು ಯಾರಾದರೂ ಕೇಳಿದರೆ ಸಾಕು, ಗಿರಿಜಕ್ಕನಿಗೆ ಒಲೆಯ ಮೇಲಿನ ಸಾರೂ ಮರೆತುಹೋಗುತ್ತಿತ್ತು.

“ಇಬ್ಬರು ಅರಸುಗಳು. ತಮ್ಮ ತಮ್ಮ ಬೀಡಿನಿಂದ ಹೊರಟು ಸಂಧಿಸಿದಲ್ಲಿ ಗಡಿ ಎಂದು ಮಾತಾಯಿತು. ತಾನು ಈ ಕಡೆ ಬಂದಾಗ ಬೀಡನ್ನು ಯಾರಾದರೂ ಹೊಡೆದುಕೊಂಡರೆ? ಇಬ್ಬರಿಗೂ ಹೆದರಿಕೆ. ಬೀಡಿನ ಮೇಲೆ ಕಣ್ಣಿಟ್ಟು ಹಿಂದೆ ಹಿಂದೆ ನಡೆದರು ಮಾರಾಯ್ತಿ! ಇಬ್ಬರೂ ಒಟ್ಟಿಗೆ ಈ ಬಾವಿಗೆ ದುಡುಂ!”

“ಮತ್ತೆ?”

“ಮತ್ತೆಂತ? ಮೊದಲು ಹತ್ತಿದವನು ಸೋತ ಹಾಗೆ ಎಂದು ಒಬ್ಬನೂ ಹತ್ತುವುದಿಲ್ಲ. ನೀರಿಗೆ ಬಂದ ಹೆಂಗಸು ಬಗ್ಗಿ ಹೇಳಿದಳು, ‘ನನಗೆ ದನ ಕರೆಯಲಿಕ್ಕೆ ಉಂಟು. ನನ್ನನ್ನಲ್ಲ, ಅವನನ್ನು ಮೊದಲು ಎತ್ತು ಎಂದು ನಿಮ್ಮಲ್ಲಿ ಯಾರು ಹೇಳುತ್ತೀರಿ, ಹೇಳಿ. ಇಲ್ಲವಾದರೆ ಅಲ್ಲೇ ಬಿದ್ದಿರಿ.’”

ಹಾಗೆ ಹೇಳಲು ಅರಸುಗಳಿಗೆ ಎಷ್ಟು ಹೊತ್ತಾಯಿತು ಎನ್ನುವುದು ಗಿರಿಜಕ್ಕನ ಆ ದಿನದ ಮನಸ್ಸಿನ ಮೇಲಿತ್ತು. ಸಿಟ್ಟು ಬಂದ ದಿನ ಅರಸುಗಳು ಸಂಜೆಯವರೆಗೂ ನೀರಲ್ಲೇ.

ಕಥೆ ನಿಜವೋ ಸುಳ್ಳೋ, ಅದರಿಂದ ಬಂದ ಕ್ರಮವೊಂದು ನಮ್ಮಲ್ಲಿ ಇನ್ನೂ ಉಂಟು. ಒಬ್ಬ ಅರಸು ಮೇಲೆ ಬಂದದ್ದು ಇನ್ನೊಂದು ಬದಿಯವನ ಮಾತಿನಿಂದಲ್ಲವೇ? ಹಾಗೆ ಬಾವಿಯ ಒಂದು ಬದಿಯಲ್ಲಿ ಸಾವಾದರೆ, ಹೆಣ ಮೀಯಿಸುವ ಮೊದಲ ಕೊಡ ನೀರನ್ನು ಇನ್ನೊಂದು ಬದಿಯವರು ಸೇದಿ ಕೊಡಬೇಕು.

ಆದರೆ ಜಾಗ ಪಾಲಾದ ಮೇಲೆ ಅಕ್ಕ ತಮ್ಮನಿಗೆ ಮಾತಿರಲಿಲ್ಲ. ಸಂಜೀವಣ್ಣ ಬೋರ್‌ವೆಲ್ ಹಾಕಿಸಿಕೊಂಡು ಬಾವಿಯ ಹತ್ತಿರ ಬರುವುದನ್ನೇ ಬಿಟ್ಟರು. ಶೋಭಾಳ ಮದುವೆಗೆ ಕರೆಯಲು ಗಿರಿಜಕ್ಕ ತಾನೇ ಹೋಗಿ ಬಂದು ನನ್ನ ಹತ್ತಿರ ಹೇಳಿದ್ದರು: “ಮನೆಯಲ್ಲಿಲ್ಲ ಎಂದಳು ಅವನ ಹೆಂಡತಿ. ಪರದೆಯ ಅಡಿಯಲ್ಲಿ ಅವನ ಪಾದ ಕಾಣುತ್ತಿತ್ತು. ಊದಿಕೊಂಡಿದೆ ಚಂದ್ರಾ. ಮದ್ದು ಮಾಡುತ್ತಾನೋ ಇಲ್ಲವೋ.”

ಹೋದ ವಾರ ನಾನು ದೇವಸ್ಥಾನದ ಪ್ರಸಾದ ಕೊಡಲು ಹೋದಾಗ ಗಿರಿಜಕ್ಕ ಗಂಧ ಹಚ್ಚಿಕೊಂಡು, “ನಾನು ಹೋದರೆ ಅವನಿಗೊಂದು ಮಾತು ಹೇಳಿ ಕಳಿಸಿ. ಬರಲಿಲ್ಲವೋ, ನಳ್ಳಿ ನೀರು ಹಾಕಿ. ಬೇಡಲಿಕ್ಕೆ ಹೋಗಬೇಡಿ” ಎಂದರು. ಅದೇ ಕೊನೆಯ ಮಾತಾಯಿತು.

ಶೋಭಾ ಮಾವನಿಗೆ ಹೇಳಿ ಕಳಿಸಿದ್ದಳು. ಗಿರಿಜಕ್ಕನನ್ನು ಅಂಗಳಕ್ಕೆ ತಂದು ಮಲಗಿಸಿದರು. ಎಲ್ಲರೂ ಬಾವಿಯ ಕಡೆಗೇ ನೋಡುತ್ತಿದ್ದರು. ನಾನು ಮನಸ್ಸಿನಲ್ಲೇ ದೇವರನ್ನು ನೆನೆಯುತ್ತಿದ್ದೆ. ಕಾದು ಸಾಕಾಗಿ ಯಾರೋ ನಳ್ಳಿಗೆ ಬಾಲ್ದಿ ಇಟ್ಟರು.

ಆಗ ಸಂಜೀವಣ್ಣ ಕೊಡ ಹಿಡಿದು ಕಾಲೆಳೆಯುತ್ತಾ ಬಂದರು. ಯಾರ ಮುಖವನ್ನೂ ನೋಡದೆ, “ಹಗ್ಗ ಎಲ್ಲಿ ಉಂಟು?” ಎಂದರು. ಸೇದುವಾಗ ಅರ್ಧ ನೀರು ಚೆಲ್ಲಿತು. “ಮಾವಾ, ನಾನು ಹಿಡಿಯುತ್ತೇನೆ” ಎಂದಳು ಶೋಭಾ.

“ಬೇಡ ಮಗಾ. ಇಷ್ಟಾದರೂ ನಾನು ಮಾಡುತ್ತೇನೆ.”

ತಡವಾಗಿಯೇ ಬಂದರು. ಆದರೂ ಬಂದರಲ್ಲ.

ಮನೆಗೆ ಬಂದು ತಲೆಗೆ ಸ್ನಾನ ಮಾಡಿದೆ. ಒಂದೇ ಕುಟುಂಬದ ಸೂತಕ; ಇನ್ನು ಸಂಜೀವಣ್ಣನ ಮನೆಯಲ್ಲೂ ಒಲೆ ಹಚ್ಚುವ ಹಾಗಿಲ್ಲ. ಎರಡೂ ಮನೆಗೆ ಗಂಜಿ ಆಗಬೇಕು ಎಂದು ದೊಡ್ಡ ಪಾತ್ರೆ ಇಳಿಸಿ ಕುಚ್ಚಲಕ್ಕಿ ತೊಳೆಯತೊಡಗಿದೆ.