ಕುರ್ಚಿ ಹತ್ತಿದ ಮಾಜಿ ಅಧ್ಯಕ್ಷರು

ರೈನ್ ನದಿಯ ದಂಡೆ, ೧೯೬೮

ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಇಲ್ಲಿನ ಕಚೇರಿಯ ಹಜಾರದಲ್ಲಿ ಹಿಂದಿನ ಅಧ್ಯಕ್ಷರ ಫೋಟೋಗಳನ್ನು ಸಾಲಾಗಿ ತೂಗುಹಾಕಿದ್ದಾರೆ. ಮೈಸೂರು ರಾಜ್ಯದಲ್ಲಿ ಅದೇ ಕೆಲಸ ಮಾಡುವ ನಾನು ಉಡುಗೊರೆಯೆಂದು ಗಂಧದ ಹಾರವೊಂದನ್ನು ತಂದುಕೊಟ್ಟಿದ್ದೆ. ಮಧ್ಯಾಹ್ನ ನೋಡಿದರೆ, ಕಾರ್ಯದರ್ಶಿ ಹೆಂಗಸು ನಮಗೆ ಗೌರವವಾಗಲೆಂದು ಅದನ್ನು ಕೊನೆಯ ಫೋಟೋಗೆ ಹಾಕಿಬಿಟ್ಟಿದ್ದಾಳೆ. ಫೋಟೋದಲ್ಲಿದ್ದ ಮುದುಕರೇ ಅದರ ಕೆಳಗೆ ನಿಂತು ಕಾಫಿ ಕುಡಿಯುತ್ತಿದ್ದಾರೆ.

ದುಭಾಷಿಯಾಗಿ ಬಂದಿದ್ದ ಧಾರವಾಡದ ಡಾಕ್ಟರಿಗೆ, "ನಮ್ಮಲ್ಲಿ ಸತ್ತವರ ಫೋಟೋಗೆ ಹೀಗೆ ಹಾರ ಹಾಕೋದು ಅಂತ ಹೇಳಿ, ಮೊದಲು ತೆಗೆಸಿ" ಎಂದೆ. ಅವರು ಹೇಳಿದರು. ಕಾರ್ಯದರ್ಶಿ ಮುಖ ಕೆಂಪಗೆ ಮಾಡಿಕೊಂಡು ಕುರ್ಚಿ ಎಳೆದಳು. ಮುದುಕರು ಕೈ ಅಡ್ಡ ಹಿಡಿದು ಏನೋ ಅಂದರು.

"ಏನಂತೆ?"

"ತೆಗೀಬ್ಯಾಡ್ರಿ ಅಂತಾರ. ನನ್ನ ವರದಿ ಓದಿದ ಮಂತ್ರಿಗಳೆಲ್ಲಾ ಇದೇ ಹಾರಕ್ಕ ಕಾಯ್ಕೋತ ಕುಂತಿದ್ರು. ಅವರು ಮನಿಗೆ ಹೋದ್ರು, ನಾ ಇಲ್ಲೇ ಕಾಫಿ ಕುಡ್ಯಾಕತ್ತೀನಿ ಅಂತಾರ."

ಮುದುಕರು ಕಪ್ಪನ್ನು ನನ್ನ ಕೈಗಿತ್ತು, ಕುರ್ಚಿ ಹತ್ತಿ, ಓರೆಯಾಗಿದ್ದ ಹಾರವನ್ನು ತಾವೇ ನೆಟ್ಟಗೆ ಮಾಡಿದರು.