ಮರೆಯುವ ಬ್ರೌಸರ್, ಯಜಮಾನರ ಕಿವಿ

ಬನಹಟ್ಟಿಯ ನಮ್ಮ ಮನೆಯಲ್ಲಿ ನಾಲ್ಕು ಪವರ್‌ಲೂಮು, ಒಂದೇ ಫೋನು. ಮಗ್ಗ ಓಡುವಾಗ ಮಾತು ಯಾರಿಗೂ ಕೇಳಿಸದು. ನೂಲು ಕಡಿದಿದೆ, ಚಹಾ ಬಂದಿದೆ, ಎಲ್ಲಕ್ಕೂ ಕೈಸನ್ನೆಯೇ. ಹಾಗಾಗಿ ನಮ್ಮ ಯಜಮಾನರ ಕಿವಿ ಮಂದವಾಗಿದೆ ಎಂದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು. ಕೇಳಿದರೆ ಸಿಟ್ಟು. ಡಾಕ್ಟರ ಮಾತೆತ್ತಿದರೆ ಎದ್ದೇ ಹೋಗುತ್ತಿದ್ದರು.

ಒಮ್ಮೆ ನಾನೇ ಫೋನಿನಲ್ಲಿ ಕಿವಿ ಮಶೀನು ಹುಡುಕಿದೆ. ಮರುದಿನ ಅವರು ಮುಧೋಳದ ವ್ಯಾಪಾರಿಗೆ ಅದೇ ಫೋನಿನಲ್ಲಿ ಸೀರೆಯ ಡಿಸೈನು ತೋರಿಸುತ್ತಿದ್ದರೆ, ಪ್ರತಿ ಸೆರಗಿನ ಕೆಳಗೂ ಕಿವಿ ಮಶೀನಿನ ಜಾಹೀರಾತು! ಇದು ಯಾರಿಗೆ ಬೇಕಾಗಿದೆ ಎಂದು ವ್ಯಾಪಾರಿ ನಕ್ಕ. ಅವತ್ತು ಯಜಮಾನರು ನನ್ನೊಡನೆ ಊಟಕ್ಕೆ ಕೂರಲಿಲ್ಲ. ನನಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚಾಯಿತು. ನಾನು ಹುಡುಕಿದ್ದನ್ನು ಊರಿಗೆಲ್ಲ ಡಂಗುರ ಸಾರು ಎಂದು ಇದಕ್ಕೆ ಹೇಳಿದವರಾರು?

ಗುಟ್ಟು ಕಾಯುವ ಬ್ರೌಸರ್ ಒಂದನ್ನು ಹಾಕಿಕೊಂಡೆ. ಸುಳ್ಳೇಕೆ, ಛಲೋ ಇತ್ತು. ಜಾಹೀರಾತು ಮಾಯ, ಪುಟಗಳು ಬೇಗ ತೆರೆಯುತ್ತಿದ್ದವು, ಮುಚ್ಚಿದೊಡನೆ ನೋಡಿದ್ದೆಲ್ಲ ಅಳಿಸಿಹೋಗುತ್ತಿತ್ತು. ಆದರೆ ಕರೆಂಟು ಬಿಲ್ಲಿನ ಪುಟ ಅದರಲ್ಲಿ ಅರ್ಧಕ್ಕೇ ನಿಲ್ಲುತ್ತಿತ್ತು. ನೂಲಿನಂಗಡಿಯ ಪುಟ ಪ್ರತಿ ಸಲವೂ ನೀವ್ಯಾರು ಎಂದು ಓಟಿಪಿ ಕೇಳಿ ಜೀವ ತಿನ್ನುತ್ತಿತ್ತು. ನಾವು ಯಾವ ತಾಣಕ್ಕೆ ಹೋದೆವೆಂದು ನೆಟ್ ಕೊಡುವ ಕಂಪನಿಗೆ ಆಗಲೂ ಗೊತ್ತಾಗಬಹುದು ಎಂದು ಆ ಬ್ರೌಸರಿನ ಸಹಾಯದ ಪುಟದಲ್ಲೇ ಬರೆದಿತ್ತು. ಇರಲಿ, ನಾನು ತಪ್ಪಿಸಬೇಕಿದ್ದದ್ದು ಮನೆಗೆ ಬರುವ ವ್ಯಾಪಾರಿಗಳ ಕಣ್ಣು. ಬಿಲ್ಲಿಗೆ ಹಳೆಯ ಬ್ರೌಸರ್, ಉಳಿದದ್ದಕ್ಕೆ ಹೊಸದು ಎಂದು ಯಜಮಾನರಿಗೂ ಕಲಿಸಿದೆ.

ಒಂದು ಮಧ್ಯಾಹ್ನ ಕರೆಂಟು ಹೋಗಿ ಮಗ್ಗಗಳು ನಿಂತಿದ್ದವು. ನಾನು ರೊಟ್ಟಿ ಬಡಿಯುತ್ತಿದ್ದೆ. ಯಜಮಾನರು ಫೋನು ಹಿಡಿದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ನಿನ್ನೆ ನೋಡಿದ ಪುಟ ಇವತ್ತು ಎಷ್ಟು ಹುಡುಕಿದರೂ ಸಿಗುತ್ತಿಲ್ಲವಂತೆ. ಅದು ಏನನ್ನೂ ಉಳಿಸುವುದಿಲ್ಲ, ಯಾವ ಪುಟ ಹೇಳಿ, ಹುಡುಕಿ ಕೊಡುತ್ತೇನೆ ಎಂದೆ.

"ಜಮಖಂಡಿ ಕಿವಿ ಡಾಕ್ಟರದ್ದು," ಎಂದರು. "ನನಗ ಸರಿ ಕೇಳ್ಸವಲ್ದು ನೋಡ."

ಆ ಮಾತನ್ನು ಅವರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹಾಳಾದ ಬ್ರೌಸರ್ ಆ ಪುಟವನ್ನು ನೆನಪಿಟ್ಟಿದ್ದರೆ ಅವರು ನನ್ನ ತನಕ ಬರುತ್ತಲೇ ಇರಲಿಲ್ಲ. ನನಗಾದ ಖುಷಿ ಅಷ್ಟಿಷ್ಟಲ್ಲ. ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ ಅವರ ಎಡಗಿವಿಗೆ ಬಾಯಿ ಹಚ್ಚಿ, ನಾಳೆ ಮುಂಜಾನೆ ಇಬ್ಬರೂ ಹೋಗೋಣ ಎಂದು ಗಂಟಲು ಹರಿಯುವಂತೆ ಕೂಗಿದೆ.

"ಒದರಬ್ಯಾಡ ಲೇ," ಎಂದರು. "ಈ ಕಿವಿ ಇನ್ನಾ ಛಲೋ ಐತಿ."